ಬಳ್ಳಾರಿಯಲ್ಲಿ ‘ಓಂಕಾರ’ ಪ್ರದರ್ಶನ: ಪ್ರೇಕ್ಷಕರ ಪ್ರತಿಕ್ರಿಯೆ ದಾಖಲಿಸುವುದು ಹೇಗೆ?

ಕೋಟೆ ಕೆಳಗೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಚಿತ್ರಬಳಗವಿದೆ. ಶೇಕ್ಸ್‌ಪಿಯರನ ‘ಒಥೆಲೊ’ ಆಧರಿಸಿದ ವಿಶಾಲ್ ಭಾರದ್ವಾಜರ ‘ಓಂಕಾರ’ (2006) ಚಿತ್ರವನ್ನು ಮುಂದಿನ ತಿಂಗಳು ಸುಮಾರು 100 ಜನರಿಗೆ ತೋರಿಸಿ, ನಮ್ಮ ಕಡೆಯ ಜನ ಅದಕ್ಕೆ ಹೇಗೆ ಸ್ಪಂದಿಸುತ್ತಾರೆ ಅನ್ನುವುದನ್ನು ಕ್ರಮವಾಗಿ ದಾಖಲಿಸಬೇಕೆಂದಿದ್ದೇವೆ. ಬರುವವರಲ್ಲಿ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿದ್ದಾರೆ, ಹವ್ಯಾಸಿ ರಂಗತಂಡಗಳವರು ಮತ್ತು ಬಯಲಾಟದ ಕಲಾವಿದರಿದ್ದಾರೆ, ಉಳಿದವರು ಸಿನಿಮಾ ನೋಡಲೆಂದೇ ಬರುವ ಜನ. ಮನೆಮಾತು ಕನ್ನಡ, ತೆಲುಗು, ದಖನಿ ಉರ್ದು ಮೂರೂ ಇರುತ್ತವೆ.

ಗೊಂದಲ ಇರುವುದು ಇಲ್ಲಿ. ಇದು ‘ಒಥೆಲೊ’ ಕಥೆ ಅಂತ ಮೊದಲೇ ಹೇಳಬೇಕೋ, ಮುಗಿದ ಮೇಲೆ ಹೇಳಬೇಕೋ? ಗಂಭೀರ ದೃಶ್ಯಗಳಲ್ಲಿ ಜನ ನಕ್ಕರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಚಿತ್ರದ ಭಾಷೆ ಪಶ್ಚಿಮ ಉತ್ತರ ಪ್ರದೇಶದ ಆಡುನುಡಿ, ಬೈಗುಳ ಧಾರಾಳ. ಕನ್ನಡದ ಅಡಿಬರಹ ನಾವೇ ಸಿದ್ಧಮಾಡುತ್ತಿದ್ದೇವೆ, ಅದರಲ್ಲಿ ಯಾವುದಕ್ಕೆ ಎಚ್ಚರ ಬೇಕು? ಪ್ರತಿಕ್ರಿಯೆ ಬರೆಸಿಕೊಳ್ಳುವ ನಮೂನೆ ಹೇಗಿರಬೇಕು? ಅನುಭವಸ್ಥರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ರಂಗಪರದೆ (ರಾಯಚೂರು)

ಸರ್, ನಗುವಿನಿಂದಲೇ ಶುರುಮಾಡುತ್ತೇನೆ. ಈ ಚಿತ್ರದ ಮಟ್ಟಿಗೆ ಉಳಿದ ಪ್ರಶ್ನೆಗಳೆಲ್ಲ ಅದಕ್ಕೆ ತಳಕು ಹಾಕಿಕೊಂಡಿವೆ.

‘ಓಂಕಾರ’ ತೆರೆದುಕೊಳ್ಳುವುದೇ ಲಂಗಡಾ ತ್ಯಾಗಿಯ ಮಾತಿನಿಂದ. ಸೈಫ್ ಅಲಿ ಖಾನ್ ಮಾಡಿರುವ ಈ ಪಾತ್ರವೇ ನಾಟಕದ ಇಯಾಗೊ, ಅಂದರೆ ನಾಯಕನ ಕಿವಿಯಲ್ಲಿ ಹೆಂಡತಿಯ ಬಗ್ಗೆ ಅನುಮಾನ ಬಿತ್ತುವ ಖಳ. ಮದುಮಗ ರಜ್ಜುವಿನ ಮುಂದೆ ಬೈಗುಳ ಬೆರೆಸಿ ಅವನು ಹೇಳುವ ಮಾತಿಗೆ ಸಭಾಂಗಣ ನಗುತ್ತದೆ, ನಗಲೂ ಬೇಕು. ನಾಟಕದಲ್ಲಿ ಇಯಾಗೊ ರಂಗದ ಮುಂಭಾಗಕ್ಕೆ ಬಂದು ಒಬ್ಬನೇ ಮಾತಾಡಿ, ತನ್ನ ಹೂಟವನ್ನೆಲ್ಲ ನಮ್ಮ ಕಿವಿಗೆ ಹಾಕಿ, ನಮ್ಮನ್ನು ಗುಟ್ಟಿನ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತಾನೆ. ಸಿನಿಮಾದಲ್ಲಿ ಆ ಉದ್ದುದ್ದ ಸ್ವಗತಗಳಿಲ್ಲ. ಅವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಗು ಮಾಡುತ್ತದೆ. ಲಂಗಡಾನ ಜೊತೆ ನಕ್ಕವನು ಅರ್ಧ ಅವನ ಕಡೆಯವನಾಗಿಬಿಟ್ಟ.

ಹಾಗಾಗಿ ನಿಮ್ಮ ದಾಖಲೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಒಂದು ಅಂಶವೆಂದರೆ, ಸಭಾಂಗಣ ಲಂಗಡಾನ ಜೊತೆ ನಗುವುದನ್ನು ಯಾವ ನಿಮಿಷದಲ್ಲಿ ನಿಲ್ಲಿಸಿತು ಅನ್ನುವುದು. ಎಷ್ಟು ಜನಕ್ಕೆ ಸಿನಿಮಾ ಹಿಡಿಸಿತು ಅನ್ನುವ ಲೆಕ್ಕ ಯಾವ ಪ್ರದರ್ಶನದಲ್ಲಾದರೂ ಸಿಗುತ್ತದೆ. ನಗು ನಿಂತ ನಿಮಿಷ ಮಾತ್ರ ಈ ದುರಂತ ಆ ಸಭಾಂಗಣದ ಮೇಲೆ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುತ್ತದೆ. ಕೆಲವರು ಅವನು ಕನ್ನಡಿ ಒಡೆದು, ಕೈಯ ರಕ್ತವನ್ನೇ ಹಣೆಗೆ ತಿಲಕವಿಟ್ಟುಕೊಳ್ಳುವಲ್ಲೇ ನಿಲ್ಲಿಸುತ್ತಾರೆ. ಕೆಲವರು ನಾಯಕ ಓಂಕಾರ (ನಾಟಕದ ಒಥೆಲೊ) ತನ್ನ ಪ್ರೇಯಸಿ ಡಾಲಿಯ ಮೇಲೆ ಮೊದಲ ಸಲ ಕೈ ಎತ್ತುವವರೆಗೂ ನಗುತ್ತಲೇ ಇರುತ್ತಾರೆ.

ಗಮನಿಸಲು ಇಬ್ಬರನ್ನು ಕೂರಿಸಿ. ಒಬ್ಬರು ಎಡಗೋಡೆಗೆ, ಒಬ್ಬರು ಬಲಗೋಡೆಗೆ, ಮೂರನೇ ಸಾಲಿನಷ್ಟು ಹಿಂದೆ, ಪರದೆಗಿಂತ ಜನರ ಮುಖ ಹೆಚ್ಚು ಕಾಣುವ ಹಾಗೆ. ಇಬ್ಬರೂ ಚಿತ್ರವನ್ನು ಮೊದಲೇ ಪೂರ್ತಿ ನೋಡಿರಬೇಕು, ಇಲ್ಲದಿದ್ದರೆ ಅವರೇ ಕಥೆಯಲ್ಲಿ ಮುಳುಗಿ ಬರೆಯುವುದನ್ನು ಬಿಡುತ್ತಾರೆ. ಗಡಿಯಾರ ಚಾಲೂ ಮಾಡುವುದು ಪರದೆಯ ಮೇಲೆ ಸೆನ್ಸಾರ್ ಪ್ರಮಾಣಪತ್ರ ಮೂಡಿದ ಕ್ಷಣಕ್ಕೆ. ವಿರಾಮದಲ್ಲಿ ಇಬ್ಬರೂ ನಿಲ್ಲಿಸಿ ಮತ್ತೆ ಒಟ್ಟಿಗೆ ಒತ್ತಬೇಕು. ಹಾಳೆಯಲ್ಲಿ ವಾಕ್ಯ ಬೇಡ, ಸಮಯ ಮತ್ತು ಒಂದಕ್ಷರ ಸಾಕು: ‘ನ’ ನಗು, ‘ಶಿ’ ಶಿಳ್ಳೆ, ‘ಗು’ ಗುಸುಗುಸು, ‘ಮೌ’ ಮೌನ, ‘ಎ’ ಎದ್ದು ಹೋದವರು. ಮೊಬೈಲ್ ಬೆಳಕು ಹೆಚ್ಚಾದ ಕಡೆ ‘ಬೆ’. ಇಬ್ಬರ ಹಾಳೆಯಲ್ಲೂ ಐದು ಸೆಕೆಂಡಿನ ಆಚೀಚೆ ಹೊಂದಿಕೆಯಾದದ್ದನ್ನು ಮಾತ್ರ ಸಭಾಂಗಣದ ಪ್ರತಿಕ್ರಿಯೆ ಎಂದು ತೆಗೆದುಕೊಳ್ಳಿ. ಒಬ್ಬರ ಹಾಳೆಯಲ್ಲಷ್ಟೇ ಇದ್ದರೆ ಅದು ಆ ಮೂಲೆಯದು.

ನಗುವಿನಲ್ಲೂ ಬಗೆಗಳಿವೆ. ಮಾತು ಮುಗಿಯುವ ಮೊದಲೇ ಎಲ್ಲಾ ಕಡೆಯಿಂದ ಒಟ್ಟಿಗೆ ಬಂದರೆ ಅದು ಅಡಿಬರಹ ಓದಿ ಬಂದ ನಗು; ಅಕ್ಷರ ಮಾತಿಗಿಂತ ಮುಂದೆ ಓಡುತ್ತಿದೆ ಎಂದರ್ಥ. ಮೂಲೆಯೊಂದರಲ್ಲಿ ಹುಟ್ಟಿ ಒಂದೆರಡು ಸೆಕೆಂಡ್ ತಡವಾಗಿ ಹರಡಿದರೆ ಅಲ್ಲಿ ಹಿಂದಿ ಬಲ್ಲವರ ಗುಂಪಿದೆ. ಕೊನೆಯ ಅರ್ಧ ಗಂಟೆಯಲ್ಲಿ ಬರುವ ಚಿಕ್ಕ, ತುಂಡು ನಗು ಮುಜುಗರದ್ದು. ಪಕ್ಕದಲ್ಲಿ ಮನೆಯವರನ್ನು ಕೂರಿಸಿಕೊಂಡು ಮಂಚದ ದೃಶ್ಯ ನೋಡುವವರಿಗೆ ಅದು ತಾನಾಗಿ ಬರುತ್ತದೆ. ಅದನ್ನು ಚಿತ್ರದ ಸೋಲು ಎಂದು ಬರೆದುಕೊಳ್ಳಬೇಡಿ.

ಇನ್ನು ನಿರ್ದಿಷ್ಟ ಜಾಗಗಳು. ‘ಬೀಡಿ’ ಹಾಡಿಗೆ ಶಿಳ್ಳೆ ಬಿದ್ದೇ ಬೀಳುತ್ತದೆ. ಸಮಯ ಉಳಿಸಲೆಂದು ಆ ಹಾಡನ್ನು ಹಾರಿಸುವ ಸಂಘಟಕರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾಟಕದ ಎರಡನೇ ಅಂಕದಲ್ಲಿ ಒಥೆಲೊನ ಸಹಾಯಕ ಕ್ಯಾಸಿಯೊಗೆ ಕುಡಿಸಿ, ಜಗಳ ತೆಗೆಸಿ, ಹುದ್ದೆ ಕಳೆಯುವ ಭಾಗ ಇದೆಯಲ್ಲ, ಆ ಜಾಗದಲ್ಲೇ ಈ ಹಾಡು ಕೂತಿದೆ. ಜನ ಕೇಸುವಿನ (ಚಿತ್ರದ ಕ್ಯಾಸಿಯೊ) ಜೊತೆ ಕುಣಿದರೆ ಮಾತ್ರ ಮುಂದೆ ಅವನ ಸ್ಥಾನ ಹೋದಾಗ ಕಸಿವಿಸಿಯಾಗುತ್ತದೆ. ಶಿಳ್ಳೆ ಹೊಡೆದವರು ಆಮೇಲೆ ಎಷ್ಟು ಹೊತ್ತಿಗೆ ಸುಮ್ಮನಾದರು, ಅದನ್ನು ಬರೆದುಕೊಳ್ಳಿ.

ಡಾಲಿಯ ಅಪ್ಪ ಓಂಕಾರನಿಗೆ ಹೇಳುವ ಮಾತು, ಹೆತ್ತವನಿಗೇ ಮೋಸ ಮಾಡಿದವಳು ನಿನಗೆ ನಿಷ್ಠಳಾಗಿರುತ್ತಾಳಾ ಎಂಬರ್ಥದ್ದು. ಮುಂದಿನ ಎಲ್ಲ ಅನುಮಾನಕ್ಕೂ ಬೀಜ ಅದು. ಇಲ್ಲಿ ಸಭಾಂಗಣ ಎರಡಾಗುತ್ತದೆ: ಹಿರಿಯರಲ್ಲಿ ತಲೆದೂಗುವವರಿರುತ್ತಾರೆ, ಹುಡುಗಿಯರು ಗಟ್ಟಿಯಾಗಿ ಸುಮ್ಮನಾಗುತ್ತಾರೆ. ತಲೆದೂಗುವಿಕೆಗೆ ಸದ್ದಿಲ್ಲ, ಆದ್ದರಿಂದ ಗಮನಿಸುವವರು ಮುಖ ನೋಡುತ್ತಿರಬೇಕು ಅಂದದ್ದು.

ಮೂರನೆಯದು ಸೊಂಟದ ಆಭರಣ. ಹೆಂಡತಿಯ ಮೇಲಿನ ಅನುಮಾನಕ್ಕೆ ಸಾಕ್ಷಿಯಾಗುವುದು ನಾಟಕದಲ್ಲಿ ಕರವಸ್ತ್ರ, ಇಲ್ಲಿ ಈ ಆಭರಣ. ಇಷ್ಟು ದೊಡ್ಡ ಅನಾಹುತಕ್ಕೆ ಒಂದು ಕರವಸ್ತ್ರವೇ ಎಂದು ಇಂಗ್ಲಿಷ್ ವಿಮರ್ಶಕ ಥಾಮಸ್ ರೈಮರ್ 1693ರಷ್ಟು ಹಿಂದೆಯೇ ಹಂಗಿಸಿದ್ದ. ನಮ್ಮ ಕಡೆ ಆ ಆಕ್ಷೇಪ ಏಳುವುದಿಲ್ಲ. ಮನೆತನದ ಡಾಬು ಸೊಸೆಗೆ ಕೊಡುವುದು ಎಂದರೇನು, ಅದು ಇನ್ನೊಬ್ಬಳ ಸೊಂಟದ ಮೇಲೆ ಕಂಡರೆ ಏನು ಅರ್ಥ ಅನ್ನುವುದು ಬಳ್ಳಾರಿಯ ಯಾವ ಅಜ್ಜಿಗೂ ಹೇಳಿಕೊಡಬೇಕಿಲ್ಲ. ಅಡಿಬರಹದಲ್ಲಿ ‘ಡಾಬು’ ಎಂದೇ ಹಾಕಿ. ಕೇಸುವಿನ ಪ್ರೇಯಸಿ ಬಿಲ್ಲೊ ಅದನ್ನು ಕಟ್ಟಿಕೊಂಡು ಕಾಣಿಸಿದಾಗ ಹೆಂಗಸರ ಸಾಲಿನಿಂದ ಬರುವ ಸದ್ದನ್ನು ತಪ್ಪದೆ ದಾಖಲಿಸಿ.

ಕೊನೆ. ನಾಟಕದಲ್ಲಿ ಹೆಂಡತಿ ಎಮಿಲಿಯಾಳನ್ನು ಇಯಾಗೊ ಕೊಲ್ಲುತ್ತಾನೆ, ಅವನು ಬದುಕಿಯೇ ಇರುತ್ತಾನೆ. ಚಿತ್ರದಲ್ಲಿ ಲಂಗಡಾನ ಹೆಂಡತಿ ಇಂದು (ಕೊಂಕಣಾ ಸೇನ್ ಶರ್ಮಾ, ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು) ಗಂಡನನ್ನು ತಾನೇ ಮುಗಿಸುತ್ತಾಳೆ. ಇಲ್ಲಿ ಚಪ್ಪಾಳೆ ಬೀಳಬಹುದು. ಬಿದ್ದರೆ ಅದು ಎಷ್ಟು ಹೊತ್ತು ಇತ್ತು, ತಾನಾಗಿ ಸತ್ತಿತೋ ಮುಂದಿನ ದೃಶ್ಯ ಅದನ್ನು ಅಡಗಿಸಿತೋ ನೋಡಿ. ಹೆಸರುಗಳ ಪಟ್ಟಿ ಓಡುವಾಗ ಟ್ಯೂಬ್‌ಲೈಟ್ ಹಾಕಬೇಡಿ. ಎರಡು ನಿಮಿಷ ಕತ್ತಲೆ ಬಿಡಿ. ದೀಪ ಹತ್ತಿದ ಕೂಡಲೇ ಜನ ಚಪ್ಪಲಿ, ಬ್ಯಾಗು ಹುಡುಕತೊಡಗುತ್ತಾರೆ, ಅಲ್ಲಿಗೆ ಒಳಗಿನದು ಚದುರಿತು.

ಮೊದಲೇ ಹೇಳಬೇಕೋ ಬೇಡವೋ ಎಂದರೆ, ಬೇಡ. ಕರಪತ್ರದಲ್ಲಿ ‘ಒಥೆಲೊ’ ಹೆಸರು ಹಾಕಬೇಡಿ. ಹಾಕಿದರೆ ಎಂ.ಎ. ಹುಡುಗರು ಪಠ್ಯದ ಜೊತೆ ತಾಳೆ ನೋಡುತ್ತ ಕೂರುತ್ತಾರೆ, ಉಳಿದವರಿಗೆ ಇದು ಓದಿದವರ ಸಿನಿಮಾ ಅನ್ನಿಸಿ ಬಾಯಿ ಕಟ್ಟುತ್ತದೆ.

ಹಿಮ್ಮೇಳದವ (ಕೊಪ್ಪಳ)

ರಂಗಪರದೆ ಸರ್ ಬರೆದದ್ದು ಭಾಳ ಉಪಯೋಗ ಐತಿ. ಆದ್ರ ಕಡೀ ಮಾತು ನಾ ಒಪ್ಪೂದಿಲ್ರಿ.

ನಮ್ಮ ಮಂದಿಗೆ ಕಥಿ ಮೊದಲ ಗೊತ್ತಿದ್ರ ರಸ ಕೆಡ್ತೈತಿ ಅನ್ನೂದು ತಪ್ಪು ತಿಳುವಳಿಕಿ. ದೊಡ್ಡಾಟದಾಗ ದುರ್ಯೋಧನನ ತೊಡಿ ಮುರೀತೈತಿ ಅಂತ ಸಣ್ಣ ಹುಡುಗ್ರಿಗೂ ಗೊತ್ತಿರ್ತೈತಿ. ಹಂಗಂತ ಬೆಳತನಕ ಕುಂತವ್ರು ಎದ್ದು ಹೋಗ್ತಾರನ? ಏನಾಗ್ತೈತಿ ಅನ್ನೂದು ಗೊತ್ತಿದ್ದಾಗ ಹೆಂಗಾಗ್ತೈತಿ ಅನ್ನೂದರ ಮ್ಯಾಲೆ ಕಣ್ಣು ನಿಂದರ್ತೈತಿ. ಶೇಕ್ಸ್‌ಪಿಯರನ ಪಾತ್ರ ಆಡಿದ ಬಳ್ಳಾರಿ ರಾಘವರ (1880–1946) ಊರಾಗ ಕುಂತು ‘ಒಥೆಲೊ’ ಹೆಸರು ಮುಚ್ಚಿಡೂದು ಬ್ಯಾಡ್ರಿ.

ಮುಚ್ಚಿಟ್ರ ಇನ್ನೊಂದು ತೊಂದ್ರಿ ಐತಿ. ಕಥಿ ಗೊತ್ತಿಲ್ಲದವ್ರು ಅರ್ಧ ಸಿನಿಮಾದಾಗ ‘ಇಂವ ಶಕುನಿ’ ಅಂತ ತಾವ ಒಂದು ಹೆಸರು ಕೊಟ್ಟು ಬಿಡ್ತಾರ. ಆಮ್ಯಾಲೆ ಚರ್ಚಾದಾಗ ಎಲ್ಲಾರೂ ಅದನ್ನ ಹಿಡಕೊಂಡು ಜಗ್ತಾರ. ಶಕುನಿ ದೂರದಿಂದ ಬಂದ ವೈರಿ ಅಲ್ಲ ಖರೆ, ಆದ್ರ ಲಂಗಡಾನ ಹೊಟ್ಟ್ಯಾಗಿನ ಬೆಂಕಿ ಬ್ಯಾರೆ. ಇಷ್ಟ್ ವರ್ಷ ದುಡದವನ್ನ ಬಿಟ್ಟು, ಓದಿದ ಹುಡುಗ ಕೇಸುಗ ಬಾಹುಬಲಿ ಪಟ್ಟ ಕಟ್ಟಿದ್ರು ಅನ್ನೂದು ಅವನ ಸಂಕಟ. ಪಾರ್ಟಿ ಕೆಲಸ ಮಾಡಿದ ಯಾವ ಕಾರ್ಯಕರ್ತನಿಗೂ ಅದು ತಿಳೀತೈತಿ. ಮೊದಲ ಹತ್ತು ಸಾಲು ಹೇಳಿ ಬಿಟ್ರ ಮಂದಿ ಆ ಸಂಕಟದ ಕಡೆ ನೋಡ್ತಾರ.

ಹಿಂಗ ಮಾಡ್ರಿ. ಸಿನಿಮಾಕ್ಕ ಮೊದ್ಲು ಮೂರ ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ನಾಲ್ಕ ಮಂದಿ ಹೆಸರು ಹೇಳ್ರಿ: ಓಂಕಾರ, ಡಾಲಿ, ಲಂಗಡಾ, ಕೇಸು. ಯಾರಿಗೆ ಯಾರು ಏನಾಗ್ಬೇಕು, ಯಾರಿಗೆ ಯಾವ ಪದವಿ ಸಿಕ್ತು, ಅಷ್ಟ. ‘ಬಾಹುಬಲಿ’ ಅಂದ್ರ ಈ ಸಿನಿಮಾದಾಗ ನಾಯಕನ ಬಲಗೈ ದಂಡಾಳು ಅಂತ ಒಂದ್ ಮಾತು ಹೇಳ್ರಿ, ಇಲ್ಲಾಂದ್ರ ನಮ್ಮ ಕಡೆ ಗೊಮ್ಮಟೇಶ್ವರನೋ, 2015ರ ತೆಲುಗು ಸಿನಿಮಾನೋ ನೆನಪಾಗ್ತೈತಿ. ಓಂಕಾರನ ತಾಯಿ ಕೆಳಜಾತ್ಯಾಕಿ ಅನ್ನೂದನ್ನ ವಿವರಿಸಾಕ ಹೋಗಬ್ಯಾಡ್ರಿ, ಅದು ಇಲ್ಲಿ ಒಂದ ಮಾತಿಗೆ ತಿಳೀತೈತಿ.

ಕೋಟೆ ಕೆಳಗೆ (ಬಳ್ಳಾರಿ)

ಇಬ್ಬರಿಗೂ ಧನ್ಯವಾದಗಳು. ಹಿಮ್ಮೇಳದಣ್ಣಾ, ನಿಮ್ಮ ವಾದ ಬಲವಾಗಿದೆ. ಎರಡು ವಿಷಯ ಇನ್ನೂ ಬಿಡಿಸಬೇಕು. ಬಳಗದಲ್ಲಿ ಕೆಲವರು ಬೈಗುಳದ ಕಾರಣಕ್ಕೆ ‘ಓಂಕಾರ’ ಬಿಟ್ಟು ಭಾರದ್ವಾಜರದೇ ಶೇಕ್ಸ್‌ಪಿಯರ್ ಚಿತ್ರಗಳಾದ ‘ಹೈದರ್’ ಅಥವಾ ‘ಮಕ್ಬೂಲ್’ ತೋರಿಸೋಣ ಅನ್ನುತ್ತಿದ್ದಾರೆ. ನಮೂನೆಯ ಪ್ರಶ್ನೆಗಳೂ ಇನ್ನೂ ಆಗಿಲ್ಲ. ಅಡಿಬರಹದ ಕಡತ ಒಂದು ಪ್ರತಿಯ ಜೊತೆ ಸರಿಯಾಗಿ ಕೂಡುತ್ತದೆ, ಇನ್ನೊಂದರಲ್ಲಿ ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತದೆ, ಒತ್ತಕ್ಷರಗಳೂ ಬಿಡಿಬಿಡಿಯಾಗಿ ಕಾಣುತ್ತವೆ.

ರಂಗಪರದೆ (ರಾಯಚೂರು)

ಹಿಮ್ಮೇಳದವರ ಮೂರು ನಿಮಿಷದ ಪರಿಚಯಕ್ಕೆ ನನ್ನ ತಕರಾರಿಲ್ಲ. ಪಾತ್ರ ಪರಿಚಯ ಬೇರೆ, ಕೊನೆ ಹೇಳುವುದು ಬೇರೆ. ದೊಡ್ಡಾಟದ ಕಥೆಯನ್ನು ಪ್ರೇಕ್ಷಕ ಹುಟ್ಟಿದಾಗಿನಿಂದ ಕೇಳಿರುತ್ತಾನೆ, ಮೂರು ನಿಮಿಷದಲ್ಲಿ ಕೇಳಿದ ಕೊನೆ ಹಾಗೆ ಮೈಗೂಡುವುದಿಲ್ಲ. ಡಾಲಿ ಸಾಯುತ್ತಾಳೆ ಎಂದು ಮೊದಲೇ ಹೇಳಿದರೆ ಲಂಗಡಾನ ಜೊತೆಗಿನ ನಗು ಮೊದಲ ದೃಶ್ಯದಲ್ಲೇ ಅರ್ಧಕ್ಕೆ ನಿಲ್ಲುತ್ತದೆ, ನೀವು ಅಳೆಯಬೇಕೆಂದಿರುವುದೇ ಕೈತಪ್ಪುತ್ತದೆ. ಹೆಸರು, ಸಂಬಂಧ, ಪದವಿ ಹೇಳಿ. ಸಾವು ಹೇಳಬೇಡಿ.

ಚಿತ್ರದ ಆಯ್ಕೆ. ‘ಹೈದರ್’ (2014) ಅಂದರೆ ‘ಹ್ಯಾಮ್ಲೆಟ್’, ಕಥೆ ನಡೆಯುವುದು 1995ರ ಕಾಶ್ಮೀರದಲ್ಲಿ. ಬಿಡುಗಡೆಯಾದಾಗಲೇ ಸಾಮಾಜಿಕ ಜಾಲತಾಣದಲ್ಲಿ ಬಹಿಷ್ಕರಿಸಿ ಎನ್ನುವವರು, ಅದರ ಬೆನ್ನಿಗೆ ನಿಂತವರು ಎರಡು ಪಾಳಯವಾಗಿದ್ದರು; ಪಾಕಿಸ್ತಾನದಲ್ಲಿ ಪ್ರದರ್ಶನಕ್ಕೆ ಅನುಮತಿಯೇ ಸಿಗಲಿಲ್ಲ. ಇಂದಿಗೂ ಅದನ್ನು ತೋರಿಸಿದರೆ ಚರ್ಚೆ ಹತ್ತು ನಿಮಿಷದೊಳಗೆ ಸೈನ್ಯ, ಕಾಶ್ಮೀರ, ಪಕ್ಷ ಎಂದು ಹೊರಟುಬಿಡುತ್ತದೆ. ಅದು ತಪ್ಪಲ್ಲ, ಚಿತ್ರವೇ ಅದನ್ನು ಕೇಳುತ್ತದೆ. ಆದರೆ ದುರಂತ ನಾಟಕಕ್ಕೆ ಜನ ಹೇಗೆ ಸ್ಪಂದಿಸಿದರು ಅನ್ನುವುದನ್ನು ಅದರೊಳಗಿಂದ ಬೇರ್ಪಡಿಸುವುದು ಕಷ್ಟ.

ಅದರಲ್ಲೊಂದು ರಚನೆಯ ವಿಷಯವೂ ಇದೆ. ‘ಹ್ಯಾಮ್ಲೆಟ್’ನಲ್ಲಿ ತಂದೆಯ ಪ್ರೇತ ಮೊದಲ ಅಂಕದಲ್ಲೇ ಬಂದು, ತನ್ನನ್ನು ಕೊಂದ ತಮ್ಮನ ಮೇಲೆ ಸೇಡು ತೀರಿಸಲು ಮಗನಿಗೆ ಹೇಳುತ್ತದೆ. ‘ಹೈದರ್’ನಲ್ಲಿ ಆ ಕೆಲಸ ಮಾಡುವ ರೂಹ್‌ದಾರ್ (ಇರ್ಫಾನ್ ಖಾನ್) ಬರುವುದು ವಿರಾಮದ ಹೊತ್ತಿಗೆ. ನಾಟಕ ಓದಿದವರು ಅಲ್ಲಿಯವರೆಗೆ ಚಡಪಡಿಸಿ, ಮೊದಲರ್ಧ ಎಳೆದಿದ್ದಾರೆ ಎಂದು ಬರೆಯುತ್ತಾರೆ. ಓದದವರು ಕಾಣೆಯಾದ ತಂದೆಯ ಹುಡುಕಾಟವನ್ನೇ ಕಥೆ ಎಂದು ಹಿಡಿದು ನೋಡುತ್ತಾರೆ, ಅವರಿಗೆ ಎಳೆದದ್ದು ಅನ್ನಿಸುವುದಿಲ್ಲ. ಎರಡನೇ ಅರ್ಧಕ್ಕೆ ಇದು ತಲೆಕೆಳಗಾಗುತ್ತದೆ: ಹೈದರ್ ಯಾಕೆ ಹೊಡೆಯುತ್ತಿಲ್ಲ ಎಂದು ಓದದವರು ಕೇಳತೊಡಗುತ್ತಾರೆ. ಕೊನೆಯಲ್ಲಿ ಅವನು ಚಿಕ್ಕಪ್ಪನನ್ನು ಕೊಲ್ಲದೆ ನಡೆದುಬಿಡುತ್ತಾನೆ. ಸೇಡು ತೀರಲಿಲ್ಲ ಎಂಬ ಅತೃಪ್ತಿ ಅಲ್ಲಿ ಸಹಜ. ‘ಓಂಕಾರ’ದಲ್ಲಿ ನಾಟಕ ಕೊಡದ ಶಿಕ್ಷೆಯನ್ನು ಸಿನಿಮಾ ಕೊಟ್ಟಿತು, ‘ಹೈದರ್’ನಲ್ಲಿ ನಾಟಕ ಕೊಟ್ಟದ್ದನ್ನು ಸಿನಿಮಾ ತಡೆಹಿಡಿಯಿತು. ಮುಂದೆಂದಾದರೂ ಎರಡನ್ನೂ ಒಂದೇ ಪ್ರೇಕ್ಷಕರಿಗೆ ತೋರಿಸಿದರೆ ಬೆಲೆಯುಳ್ಳ ದಾಖಲೆಯಾಗುತ್ತದೆ.

‘ಮಕ್ಬೂಲ್’ (‘ಮ್ಯಾಕ್‌ಬೆತ್’, ನಮ್ಮಲ್ಲಿ ಬಿಡುಗಡೆಯಾದದ್ದು 2004ರ ಜನವರಿ) ಮೂರರಲ್ಲಿ ಚಿಕ್ಕದು, ಎರಡೂಕಾಲು ಗಂಟೆಯೊಳಗೆ ಮುಗಿಯುತ್ತದೆ. ಅದರ ಉರ್ದು ಬೆರೆತ ಮುಂಬೈ ಮಾತು ದಖನಿ ಆಡುವ ನಮ್ಮ ರಾಯಚೂರಿನ ಜನಕ್ಕೆ ಪಶ್ಚಿಮ ಯು.ಪಿ. ನುಡಿಗಿಂತ ಸಲೀಸು. ನಾಟಕದಲ್ಲಿ ಭವಿಷ್ಯ ಹೇಳುವ ಮಾಟಗಾತಿಯರ ಜಾಗದಲ್ಲಿ ಓಂ ಪುರಿ, ನಾಸಿರುದ್ದೀನ್ ಶಾ ಇಬ್ಬರು ಪೊಲೀಸರು. ಕುಂಡಲಿ ಬರೆದು ಭವಿಷ್ಯ ಹೇಳುತ್ತ ನಗಿಸುವ ಅವರು ತಾವೇ ಸೂತ್ರ ಆಡಿಸುತ್ತಿದ್ದಾರೆ ಎಂದು ಜನಕ್ಕೆ ಹೊಳೆಯುವುದು ತಡವಾಗಿ. ನಗುವಿನ ಅಧ್ಯಯನಕ್ಕೆ ಇದೂ ಒಗ್ಗುತ್ತದೆ. ಆದರೆ ಪಾತ್ರಗಳು ಹೆಚ್ಚು, ಬೆಳಕು ಕಡಿಮೆ. ಮೊದಲ ಇಪ್ಪತ್ತು ನಿಮಿಷ ಯಾರು ಯಾರ ಮಗ ಎಂದು ತಿಳಿಯದೆ ಗುಸುಗುಸು ಏಳುತ್ತದೆ.

ನನ್ನ ಮತ ‘ಓಂಕಾರ’ಕ್ಕೇ. ‘ಎ’ ಪ್ರಮಾಣಪತ್ರದ ಚಿತ್ರ, 18 ತುಂಬದವರನ್ನು ಬಾಗಿಲಲ್ಲೇ ತಡೆಯಬೇಕು, ಪಿ.ಯು. ಹುಡುಗರನ್ನು ಕರೆಯಲೇಬೇಡಿ. ಬೈಗುಳವನ್ನು ಅಡಿಬರಹದಲ್ಲಿ ಪೂರ್ತಿ ತೆಗೆದರೆ ಲಂಗಡಾ ಸಭ್ಯಸ್ಥನಾಗಿ ಕಾಣುತ್ತಾನೆ, ಯಥಾವತ್ ಹಾಕಿದರೆ ಕುಟುಂಬಗಳು ಎದ್ದು ಹೋಗುತ್ತವೆ. ಕಿವಿಗೆ ಬೀಳುವುದು ಬೀಳಲಿ, ಬರಹದಲ್ಲಿ ನಮ್ಮ ಸಂತೆಯಲ್ಲಿ ಕೇಳುವ ಮಟ್ಟದ ‘ಮೂಳ’, ‘ಹಲ್ಕಟ್’, ‘ಭಾಡ್ಕಾವ್’ ಸಾಕು. ಒಂದು ಬೈಗುಳಕ್ಕೆ ಒಂದೇ ಪದ ಗೊತ್ತುಮಾಡಿ ಕೊನೆಯವರೆಗೂ ಅದನ್ನೇ ಬಳಸಿ.

ಅನುಮತಿ ಮರೆಯಬೇಡಿ. ಒಟಿಟಿ ಖಾತೆ ಮನೆಬಳಕೆಗೆ ಕೊಟ್ಟದ್ದು, ಅದರಿಂದ ಸಭಾಂಗಣದಲ್ಲಿ ತೋರಿಸುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗೆ ವಿನಾಯಿತಿ ಇದೆ, ಆದರೆ ಪ್ರೇಕ್ಷಕರು ಆ ಸಂಸ್ಥೆಯ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಅದಕ್ಕೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ನಿಮ್ಮದು ಊರಿಗೆಲ್ಲ ತೆರೆದ ಪ್ರದರ್ಶನ, ಹಕ್ಕುದಾರರಿಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಉತ್ತರ ಬರಲು ವಾರಗಳೇ ಹಿಡಿಯಬಹುದು, ಇಂದೇ ಬರೆಯುವುದು ಒಳ್ಳೆಯದು.

ತೆರೆ-ತಂತಿ (ಗಂಗಾವತಿ)

ಅಡಿಬರಹದ ಸಮಸ್ಯೆ ನಾನು ಹೇಳ್ತೀನಿ. ಹೋಗ್ತಾ ಹೋಗ್ತಾ ದೂರ ಆಗುವುದಕ್ಕೆ ಕಾರಣ ಚೌಕಟ್ಟಿನ ವೇಗ (ಫ್ರೇಮ್ ರೇಟ್). ಡಿವಿಡಿಗಾಗಿ ಮಾಡಿದ ಪ್ರತಿ ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಓಡಬಹುದು, ಇನ್ನೊಂದು 24ರ ಆಸುಪಾಸಿನಲ್ಲಿ. ವ್ಯತ್ಯಾಸ ಶೇಕಡಾ 4ರಷ್ಟು. ‘ಓಂಕಾರ’ 155 ನಿಮಿಷದ ಚಿತ್ರ; ಶುರುವಿನಲ್ಲಿ ಸರಿ ಇದ್ದದ್ದು ಕೊನೆಗೆ ಆರು ನಿಮಿಷ ಆಚೀಚೆ ಆಗುತ್ತದೆ. ಸಮಯವನ್ನು ಅಷ್ಟಷ್ಟೇ ಸೆಕೆಂಡ್ ಹಿಂದೆ ಮುಂದೆ ಸರಿಸಿದರೆ ಇದು ಸರಿಹೋಗುವುದಿಲ್ಲ. ಸಬ್‌ಟೈಟಲ್ ಎಡಿಟ್‌ನಂಥ ತಂತ್ರಾಂಶದಲ್ಲಿ ಚೌಕಟ್ಟಿನ ವೇಗ ಬದಲಿಸುವ ಆಯ್ಕೆ ಇದೆ, ಅದನ್ನು ಬಳಸಿ. ಆಮೇಲೆ ಮೊದಲ ಮಾತು, ವಿರಾಮದ ಹತ್ತಿರದ ಒಂದು ಮಾತು, ಕೊನೆಯ ಮಾತು, ಈ ಮೂರೂ ಕಡೆ ತಾಳೆ ನೋಡಿ. ಪ್ರದರ್ಶನಕ್ಕೆ ಯಾವ ಪ್ರತಿ ಎಂದು ಈಗಲೇ ತೀರ್ಮಾನಿಸಿ, ಬೇರೆಯದನ್ನು ಮುಟ್ಟಬೇಡಿ.

ಒತ್ತಕ್ಷರ ಒಡೆಯುವುದಕ್ಕೆ ಎರಡು ಕಾರಣ ಇರಬಹುದು. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿರಬೇಕು. ‘ನುಡಿ’ ತಂತ್ರಾಂಶದಲ್ಲಿ ಹಳೆಯ ಆಸ್ಕಿ ವಿಧಾನದಲ್ಲಿ ಬೆರಳಚ್ಚು ಮಾಡಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಎರಡನೆಯದು, ವಿಎಲ್‌ಸಿ ಪ್ಲೇಯರ್‌ನ ಹಳೆ ಆವೃತ್ತಿಗಳು ಭಾರತೀಯ ಲಿಪಿಯನ್ನು ಸರಿಯಾಗಿ ಜೋಡಿಸುವುದಿಲ್ಲ. ಹೊಸ ಆವೃತ್ತಿ ಹಾಕಿ, ಅಕ್ಷರವಿನ್ಯಾಸಕ್ಕೆ ನೋಟೊ ಸಾನ್ಸ್ ಕನ್ನಡ ಆರಿಸಿ. ಆಗಲೂ ಒಡೆದರೆ ಅಡಿಬರಹವನ್ನು ಚಿತ್ರದೊಳಗೇ ಅಚ್ಚೊತ್ತಿಬಿಡಿ, ಆಗ ಯಾವ ಯಂತ್ರದಲ್ಲಿ ಹಾಕಿದರೂ ಒಂದೇ ಥರ ಕಾಣುತ್ತದೆ. ಹಾಗೆ ಪ್ರತಿ ಮಾಡಲು ಹಕ್ಕುದಾರರ ಒಪ್ಪಿಗೆ ಪತ್ರದಲ್ಲೇ ಕೇಳಿಕೊಳ್ಳಿ.

ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ 35 ಅಕ್ಷರ ಮೀರದಿರಲಿ. ಒಂದೂವರೆ ಸೆಕೆಂಡಿಗಿಂತ ಕಡಿಮೆ ನಿಂತದ್ದು ಯಾರಿಗೂ ಓದಲು ಸಿಗದು. ಹಾಸ್ಯದ ಮಾತಿನಲ್ಲಿ ನಗು ತರಿಸುವ ಭಾಗವನ್ನು ಬೇರೆ ತುಂಡಾಗಿ ಕತ್ತರಿಸಿ, ಬಾಯಿಂದ ಆ ಮಾತು ಹೊರಟಾಗಲೇ ಮೂಡುವಂತೆ ಇಡಿ. ರಂಗಪರದೆಯವರು ಹೇಳಿದ ‘ಮುಂಚಿತ ನಗು’ ಇದರಿಂದಲೇ ನಿಲ್ಲುತ್ತದೆ.

ಧ್ವನಿಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಪ್ರತಿಯಲ್ಲಿ 5.1 ಧ್ವನಿ ಇದ್ದು, ನಿಮ್ಮಲ್ಲಿ ಎರಡೇ ಸ್ಪೀಕರ್ ಇದ್ದರೆ, ಮಾತು ಕೂತಿರುವ ನಡುವಿನ ವಾಹಿನಿ ಕಳೆದುಹೋಗಬಹುದು. ಹಾಡು ಗಟ್ಟಿ, ಮಾತು ಪಿಸುಗುಟ್ಟಿದಂತೆ ಕೇಳಿದರೆ ಇದೇ ರೋಗ. ಪ್ಲೇಯರ್‌ನಲ್ಲಿ ಧ್ವನಿಯನ್ನು ಸ್ಟೀರಿಯೊಗೆ ಇಳಿಸಿ. ಮದುವೆ ಮನೆಯ ಬಾಸ್ ಪೆಟ್ಟಿಗೆ ತರಿಸಬೇಡಿ, ಮಾತಿಗೆ ಕಾಲಂ ಸ್ಪೀಕರ್ ಒಳ್ಳೆಯದು. ಎರಡನ್ನೂ ಪರದೆಯ ಎರಡು ಪಕ್ಕ, ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ ಇರಿಸಿ. ಮಟ್ಟ ಹೊಂದಿಸುವಾಗ ಫ್ಯಾನುಗಳೆಲ್ಲ ಓಡುತ್ತಿರಲಿ. ಖಾಲಿ ಸಭಾಂಗಣದಲ್ಲಿ ಫ್ಯಾನ್ ನಿಲ್ಲಿಸಿ ಹೊಂದಿಸಿದ ಧ್ವನಿ ಪ್ರದರ್ಶನದ ದಿನ ಸಾಲುವುದಿಲ್ಲ.

100 ಜನಕ್ಕೆ 12 ಅಡಿ ಅಗಲದ ಪರದೆ, 3500ರಿಂದ 4000 ಲ್ಯೂಮೆನ್ ಪ್ರೊಜೆಕ್ಟರ್ ಸಾಕು, ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಇದ್ದರೆ. ಕೊನೆಯ ಸಾಲು ಪರದೆಯಿಂದ 40 ಅಡಿ ದಾಟಬಾರದು. ಸಮತಟ್ಟು ನೆಲವಾದರೆ ಪರದೆಯ ಕೆಳಅಂಚು ನೆಲದಿಂದ ಕನಿಷ್ಠ 4 ಅಡಿ ಮೇಲಿರಲಿ, ಇಲ್ಲದಿದ್ದರೆ ಮುಂದಿನವರ ತಲೆ ಅಡಿಬರಹ ಮುಚ್ಚುತ್ತದೆ. ಪ್ರತಿಯಲ್ಲಿ ಮೇಲೆ ಕೆಳಗೆ ಕಪ್ಪುಪಟ್ಟಿ ಇದ್ದರೆ ಬರಹವನ್ನು ಕೆಳಗಿನ ಪಟ್ಟಿಯಲ್ಲೇ ಕೂರಿಸಿ, ರಾತ್ರಿ ದೃಶ್ಯಗಳಲ್ಲೂ ನಿಚ್ಚಳ ಕಾಣುತ್ತದೆ. ಜನರೇಟರ್ ಇದ್ದರೂ ಪ್ರೊಜೆಕ್ಟರು, ಲ್ಯಾಪ್‌ಟಾಪಿಗೆ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಆ ಅರ್ಧ ನಿಮಿಷದಲ್ಲಿ ಪ್ರೊಜೆಕ್ಟರ್ ಆರಿದರೆ, ದೀಪ ತಣ್ಣಗಾಗಿ ಮತ್ತೆ ಹತ್ತಲು ಕೆಲವು ನಿಮಿಷ ಬೇಕು. ಕೊನೆಯ ದೃಶ್ಯದಲ್ಲಿ ಹೀಗಾದರೆ ನಿಮ್ಮ ದಾಖಲೆಯೇ ಹೋಯಿತು.

ಹತ್ತಿಹೊಲ (ಸಿಂಧನೂರು)

ನಮೂನೆಯ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ನಾನು ಹೇಳುತ್ತೇನೆ. ಕಾಲೇಜುಗಳಲ್ಲಿ ಹಂಚುವ ಪ್ರಶ್ನಾವಳಿಗಳು ಕೆಡುವುದು ಮೊದಲ ಪ್ರಶ್ನೆಯಲ್ಲೇ: ‘ಚಿತ್ರ ಇಷ್ಟವಾಯಿತೇ?’ ಆತಿಥ್ಯಕ್ಕೆ ಬಂದವರು ‘ಹೌದು’ ಅನ್ನುತ್ತಾರೆ, ಆಮೇಲೆ ಆ ಹೌದನ್ನು ಸಮರ್ಥಿಸಲು ಉಳಿದದ್ದನ್ನು ಬರೆಯುತ್ತಾರೆ. ಆ ಪ್ರಶ್ನೆಯನ್ನೇ ಬಿಡಿ.

ಒಳಗೆ ಬರುವಾಗ ಅಂಗೈಯಗಲದ ಒಂದು ಚೀಟಿ ಕೊಡಿ, ಅದರಲ್ಲಿ ಮೂರೇ ಪ್ರಶ್ನೆ: ಈ ಚಿತ್ರ ಮೊದಲು ನೋಡಿದ್ದೀರಾ, ಇದರ ಮೂಲ ನಾಟಕ ಓದಿದ್ದೀರಾ ಅಥವಾ ನೋಡಿದ್ದೀರಾ, ಮನೆಯಲ್ಲಿ ಆಡುವ ಭಾಷೆ ಯಾವುದು. ಚೀಟಿಗೊಂದು ಸಂಖ್ಯೆ ಹಾಕಿ, ಅದೇ ಸಂಖ್ಯೆಯ ಅರ್ಧ ಹಾಳೆಯ ನಮೂನೆಯನ್ನು ಮುಗಿದ ಮೇಲೆ ಕೊಡಿ. ಹೆಸರು ಬರೆಸಬೇಡಿ. ಹೆಸರಿದ್ದರೆ ಜಾತಿಯ ಬಗ್ಗೆ, ಗಂಡಹೆಂಡಿರ ಬಗ್ಗೆ ಯಾರೂ ಮನಸ್ಸಿನ ಮಾತು ಬರೆಯುವುದಿಲ್ಲ.

ಎರಡನೇ ನಮೂನೆಗೆ ನನ್ನ ಸಲಹೆ: ಯಾವ ಹೊತ್ತಿನಲ್ಲಿ ಓಂಕಾರನನ್ನು ತಡೆಯಬೇಕು ಅನ್ನಿಸಿತು? ಲಂಗಡಾನ ಮೇಲೆ ಮೊದಲು ಸಿಟ್ಟು ಬಂದದ್ದು ಯಾವಾಗ? ಡಾಲಿಗೆ ಸತ್ಯ ಯಾರು ಹೇಳಬಹುದಿತ್ತು, ಅವರು ಯಾಕೆ ಹೇಳಲಿಲ್ಲ? ಇಂದು ಮಾಡಿದ್ದು ಸರಿಯೇ? ಅರ್ಥವಾಗದೆ ಉಳಿದ ದೃಶ್ಯ ಯಾವುದು? ಐದು ಸಾಕು. ಮೂರನೇ ಪ್ರಶ್ನೆಯನ್ನು ಬಿಡಬೇಡಿ. ಡಾಬು ತೆಗೆದುಕೊಂಡವಳು ಇಂದು. ಅವಳ ಮೇಲೆ ಗಂಡಸರು ಎಷ್ಟು ಹೊರಿಸುತ್ತಾರೆ, ಹೆಂಗಸರು ಎಷ್ಟು ಹೊರಿಸುತ್ತಾರೆ ಅನ್ನುವುದು ಅಲ್ಲಿ ತಿಳಿಯುತ್ತದೆ.

ಬರೆಯಲು ಎಂಟು ಹತ್ತು ನಿಮಿಷ ಕೊಡಿ, ಪೆನ್ಸಿಲ್ ನೀವೇ ಇಟ್ಟಿರಿ, ಹಾಳೆಗಳನ್ನು ಚರ್ಚೆಗೆ ಮೊದಲೇ ವಾಪಸ್ ಪಡೆಯಿರಿ. ಮೊದಲು ಮೈಕ್ ಹಿಡಿದವರು ಆಡಿದ ಮಾತೇ ಮುಂದಿನ ಇಪ್ಪತ್ತು ಹಾಳೆಯಲ್ಲಿ ಇರುತ್ತದೆ, ಅದಕ್ಕೆ ಈ ಕ್ರಮ. ಬರೆಯಲು ಒಗ್ಗದವರ ಪಕ್ಕ ಒಬ್ಬ ಸ್ವಯಂಸೇವಕರು ಕೂತು ಅವರ ಮಾತನ್ನು ಅವರ ಮಾತಲ್ಲೇ ಬರೆದುಕೊಳ್ಳಲಿ, ತಿದ್ದಬಾರದು. ಬಯಲಾಟದ ಹಿರಿಯ ಕಲಾವಿದರಿಂದ ಸಿಗುವ ಸೂಕ್ಷ್ಮ ಗ್ರಹಿಕೆ ಹೀಗೆ ಬಾಯಿಮಾತಿನಲ್ಲೇ ಬರಬೇಕು.

ಚರ್ಚೆ ತೆರೆದ ಸಭೆಯಾಗಿ ಬೇಡ. ತೆರೆದ ಸಭೆಯಲ್ಲಿ ಮೂರು ಜನ ಗಂಡಸರು ಮಾತಾಡುತ್ತಾರೆ, ಹೊತ್ತು ಮುಗಿಯುತ್ತದೆ. ಎಂಟೆಂಟು ಜನರ ಗುಂಪು ಮಾಡಿ ಹದಿನೈದು ನಿಮಿಷ ಬಿಡಿ, ಆಮೇಲೆ ಗುಂಪಿಗೊಬ್ಬರು ಎರಡೆರಡು ನಿಮಿಷ ಹೇಳಲಿ. ಹೆಂಗಸರಷ್ಟೇ ಇರುವ ಗುಂಪುಗಳು ಒಂದೆರಡಾದರೂ ಇರಲಿ, ಮೊದಲು ಅವರಿಂದಲೇ ಶುರುವಾಗಲಿ. ಡಾಲಿಯ ಅಪ್ಪನ ಆ ಮಾತಿನ ಬಗ್ಗೆ ಅಣ್ಣನೋ ಮಾವನೋ ಪಕ್ಕದಲ್ಲಿ ಕೂತಿದ್ದಾಗ ಹುಡುಗಿ ಬಾಯಿ ಬಿಡುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ಹಾಕಿಕೊಳ್ಳಿ. ಚಿತ್ರ 155 ನಿಮಿಷ, ವಿರಾಮ 10, ಬರವಣಿಗೆ 10, ಚರ್ಚೆ 40; ಒಟ್ಟು 215. ಸಂಜೆ 4ಕ್ಕೆ ಶುರುವಾದರೆ 7.35ಕ್ಕೆ ಮುಗಿಯುತ್ತದೆ. ಆರಕ್ಕೆ ಶುರುಮಾಡಿದರೆ ಹಳ್ಳಿ ಬಸ್ಸಿನವರು, ಹೆಂಗಸರು ಚರ್ಚೆಗೆ ನಿಲ್ಲುವುದಿಲ್ಲ, ಪಟ್ಟಣದ ಗಂಡಸರ ಪ್ರತಿಕ್ರಿಯೆಯಷ್ಟೇ ನಿಮ್ಮ ಕೈಗೆ ಉಳಿಯುತ್ತದೆ.

ಎಣಿಸುವಾಗ ನಾಟಕ ಬಲ್ಲವರ ಹಾಳೆಗಳನ್ನು ಬೇರೆ ಕಟ್ಟು ಮಾಡಿ. ಎಂ.ಎ. ವಿದ್ಯಾರ್ಥಿಗಳು ಓಂಕಾರನ ಜಾತಿಯ ಬಗ್ಗೆ ಕೇಳಿದರೂ ಒಥೆಲೊನ ಕಪ್ಪು ಬಣ್ಣದ ಬಗ್ಗೆ ತರಗತಿಯಲ್ಲಿ ಕಲಿತದ್ದನ್ನು ಬರೆಯುತ್ತಾರೆ. ಅದು ಓದಿನ ಫಲ, ಆ ಸಂಜೆಯ ಸ್ಪಂದನ ಅಲ್ಲ. ನೂರು ಜನದೊಳಗೆ ಶೇಕಡಾವಾರು ಹಾಕಬೇಡಿ, ‘62 ಹಾಳೆಗಳಲ್ಲಿ 17’ ಅನ್ನುವ ರೀತಿ ಬಿಡಿ ಸಂಖ್ಯೆ ಬರೆಯಿರಿ. ತುಂಬದೆ ಖಾಲಿ ಬಿಟ್ಟ ಪ್ರಶ್ನೆಗಳನ್ನೂ ಎಣಿಸಿ.

ಕೋಟೆ ಕೆಳಗೆ (ಬಳ್ಳಾರಿ)

ಹತ್ತಿಹೊಲದ ಅಕ್ಕಾ, ನಿಮ್ಮ ಐದು ಪ್ರಶ್ನೆಗಳನ್ನು ಹಾಗೇ ತೆಗೆದುಕೊಳ್ಳುತ್ತಿದ್ದೇವೆ. ‘ಓಂಕಾರ’ವೇ ಗಟ್ಟಿ, ಪರಿಚಯ ಮೂರು ನಿಮಿಷ, ಕೊನೆ ಹೇಳುವುದಿಲ್ಲ. ಒಂದೇ ಉಳಿದದ್ದು: ತೆಲುಗು ಮನೆಮಾತಿನವರಿಗೆ ಕನ್ನಡ ಅಡಿಬರಹದ ವೇಗ ಸಾಕಾಗುತ್ತದೆಯೇ?

ತೆರೆ-ತಂತಿ (ಗಂಗಾವತಿ)

ಬಳ್ಳಾರಿಯಲ್ಲಿ ಓದಿದವರಿಗೆ ಕನ್ನಡ ಓದಲು ಬರುತ್ತದೆ, ಆದರೆ ಆಡಿದಷ್ಟು ಸಲೀಸಾಗಿ ಓದದವರು ಇರುತ್ತಾರೆ. ಸಾಲಿಗೆ 35ರ ಬದಲು 28ರಿಂದ 30 ಅಕ್ಷರಕ್ಕೆ ಇಳಿಸಿ, ಚಿಕ್ಕ ತುಂಡುಗಳನ್ನೂ ಎರಡು ಸೆಕೆಂಡ್ ನಿಲ್ಲಿಸಿ. ಮಾತೆಲ್ಲ ಹಾಕಬೇಕೆಂದಿಲ್ಲ, ಹಿಂದೆ ಗದ್ದಲದಲ್ಲಿ ಕೇಳುವ ಬಿಡಿಮಾತು, ‘ಅಣ್ಣಾ’, ‘ಹೌದು’ ಎಂಬಂಥವು, ಹಾಡಿನ ಮರುಕಳಿಸುವ ಸಾಲು ಬಿಡಿ. ಲಂಗಡಾ ಮತ್ತು ಓಂಕಾರ ಇಬ್ಬರೇ ಇರುವ ದೃಶ್ಯಗಳಲ್ಲಿ ಮಾತ್ರ ಒಂದು ಮಾತೂ ಬಿಡಬೇಡಿ, ಅನುಮಾನ ಹನಿಹನಿಯಾಗಿ ಇಳಿಯುವುದು ಅಲ್ಲಿ. ಸಿದ್ಧವಾದ ಮೇಲೆ ಚಿತ್ರ ನೋಡಿರದ, ತೆಲುಗು ಮನೆಯ ಒಬ್ಬರನ್ನು ಕೂರಿಸಿ ಮೊದಲ ಇಪ್ಪತ್ತು ನಿಮಿಷ ತೋರಿಸಿ. ಯಾವ ತುಂಡಿನಲ್ಲಿ ಅವರು ‘ಏನಂದ?’ ಎಂದು ಕೇಳಿದರೋ ಅದರ ಸಮಯ ಗುರುತುಹಾಕಿಕೊಂಡು ಅಷ್ಟನ್ನೇ ತಿದ್ದಿ.